ಹಳೆಯ ಸಂಗೀತ ಹಂಚುವ ಮುನ್ನ ಷಡ್ಜ ಎಲ್ಲಿದೆ ನೋಡಿ

ಮಾನ್ಯ ಸಂಪಾದಕರೇ,

ಧಾರವಾಡವಿರಲಿ, ಮೈಸೂರಿರಲಿ, ಸಂಗೀತ ಕೇಳುವವರಿದ್ದ ಮನೆಯ ಅಟ್ಟದಲ್ಲಿ ಒಂದು ಪೆಟ್ಟಿಗೆ ಕ್ಯಾಸೆಟ್ಟು ಇದ್ದೇ ಇರುತ್ತದೆ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಗ್ರಾಮಾಫೋನ್ ಪ್ಲೇಟುಗಳೂ ಉಂಟು. ಈಗ ಅವೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿದು, ಅಲ್ಲಿಂದ ಫೋನಿಗೆ ಹಾರಿ, ಕೇಳುಗರಿಂದ ಕೇಳುಗರಿಗೆ ಸುತ್ತುತ್ತಿವೆ. ಇದು ಆಗಬೇಕಾದ ಕೆಲಸವೇ. ಆದರೆ ಹೀಗೆ ಸುತ್ತುತ್ತಿರುವುದರಲ್ಲಿ ಎಷ್ಟೋ ಧ್ವನಿಮುದ್ರಿಕೆಗಳ ವೇಗ ತಪ್ಪಿದೆ, ರಾಗದ ಹೆಸರು ತಪ್ಪಿದೆ, ಗೊರಗೊರ ತೆಗೆಯುವ ಉತ್ಸಾಹದಲ್ಲಿ ತಂಬೂರಿಯೇ ಮಾಯವಾಗಿದೆ. ತಪ್ಪು ಪ್ರತಿ ಒಮ್ಮೆ ಹತ್ತು ಮನೆ ಸೇರಿತೆಂದರೆ ಆಮೇಲೆ ಸರಿಯಾದ ಪ್ರತಿ ಬಂದರೂ ಅದನ್ನೇ ಜನ ಅನುಮಾನದಿಂದ ನೋಡುತ್ತಾರೆ. ಆದ್ದರಿಂದ ಹಂಚುವವರು ಕಳಿಸುವ ಮೊದಲೇ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳನ್ನು ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ಉದ್ದವಾದೀತು, ಪುರವಣಿಯಲ್ಲಿ ಜಾಗ ಮಾಡಿಕೊಡಬೇಕೆಂದು ಕೋರಿಕೆ.

ಎಲ್ಲಕ್ಕಿಂತ ಮೊದಲು ವೇಗ. ಟೇಪು ಅಥವಾ ಪ್ಲೇಟು ಓಡಬೇಕಾದ್ದಕ್ಕಿಂತ ಸುಮಾರು ಶೇಕಡಾ 6ರಷ್ಟು ಜೋರಾಗಿ ಓಡಿದರೆ ಶ್ರುತಿ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು (ಪಕ್ಕದ ಕೀಲಿಯಷ್ಟು) ಮೇಲೇರುತ್ತದೆ. ಲೆಕ್ಕ ಕಟ್ಟುನಿಟ್ಟಾಗಿ ಬೇಕಾದರೆ ಶೇಕಡಾ 5.95. ಕಪ್ಪು ಒಂದನೆಯ ಮನೆಯಲ್ಲಿ ಹಾಡಿದ್ದು ಅದರ ಪಕ್ಕದ ಬಿಳಿ ಎರಡನೆಯ ಮನೆಯಲ್ಲಿ ಹಾಡಿದಂತೆ ಕೇಳಿಸುತ್ತದೆ. ಅರ್ಧ ಗಂಟೆಯ ಖಯಾಲು 28 ನಿಮಿಷ ಚಿಲ್ಲರೆಗೆ ಮುಗಿಯುತ್ತದೆ. ರಾಗ ಕೆಡುವುದಿಲ್ಲ, ಏಕೆಂದರೆ ಸ್ವರಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಅದಕ್ಕೇ ಈ ದೋಷ ಯಾರ ಕಣ್ಣಿಗೂ ಬೀಳದೆ ದಾಟಿಹೋಗುವುದು. ಕೆಡುವುದು ದನಿಯ ಬಣ್ಣ, ಲಯದ ನಡೆ, ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವಿಕೆಯ) ತೂಕ. ವಿಳಂಬಿತ ಏಕತಾಳದ ಒಂದು ಆವರ್ತನ (ತಾಳದ ಸುತ್ತು) ಸಮಕ್ಕೆ, ಅಂದರೆ ತಾಳದ ಮೊದಲ ಮಾತ್ರೆಗೆ, ಬರುವ ಮೊದಲು ಹಾಡುಗಾರ ಎಷ್ಟು ಹೊತ್ತು ಕಾಯುತ್ತಾನೆ ಎಂಬುದೇ ಕೇಳುವ ಸುಖವಾಗಿರುವಾಗ ಆ ಕಾಯುವಿಕೆಯಿಂದ ಶೇಕಡಾ 6 ಕತ್ತರಿಸಿದರೆ ಉಳಿಯುವುದು ಅವಸರ.

ವೇಗ ಏಕೆ ತಪ್ಪುತ್ತದೆ? 78 ಎಂದು ನಾವು ಕರೆಯುವ ಪ್ಲೇಟುಗಳೆಲ್ಲ ನಿಮಿಷಕ್ಕೆ 78 ಸುತ್ತಿನವಲ್ಲ. ಮೊದಲ ದಶಕಗಳ ಧ್ವನಿಮುದ್ರಣಗಳು 70ರಿಂದ 80 ಸುತ್ತಿನ ನಡುವೆ ಎಲ್ಲೋ ಇರುತ್ತಿದ್ದವು. ಮುಂದೆ ವೇಗ ಸ್ಥಿರವಾದ ಮೇಲೂ 50 ಹರ್ಟ್ಸ್ ವಿದ್ಯುತ್ತಿನ ದೇಶಗಳಲ್ಲಿ ಅದು 77.92, 60 ಹರ್ಟ್ಸ್ ಇರುವ ಅಮೆರಿಕದಲ್ಲಿ 78.26. ಈ ಸಣ್ಣ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ, ಬಿಡಿ. ಆದರೆ 1905ರ ಸುಮಾರಿನ ಪ್ಲೇಟನ್ನು ಯೋಚಿಸದೆ 78ರಲ್ಲಿ ಓಡಿಸಿದರೆ ಆಗುವ ವ್ಯತ್ಯಾಸ ಒಂದು ಮನೆಗೂ ಮೀರಬಹುದು. 78ರ ವೇಗವಿಲ್ಲದ ಟರ್ನ್‌ಟೇಬಲ್ ಇರುವವರು 45ರಲ್ಲಿ ಓಡಿಸಿ ಕಂಪ್ಯೂಟರಿನಲ್ಲಿ ವೇಗ ಏರಿಸುತ್ತಾರೆ. ಅದು ನಡೆಯುತ್ತದೆ, ಆದರೆ ಗುಣಕ 77.92ನ್ನು 45ರಿಂದ ಭಾಗಿಸಿದ್ದು, ಅಂದರೆ 1.73. ಕಣ್ಣಂದಾಜಿನಲ್ಲಿ 1.75 ಎಂದು ಹಾಕಿದರೆ ಅಲ್ಲೇ ಶೇಕಡಾ ಒಂದಕ್ಕಿಂತ ಹೆಚ್ಚು ಹೋಯಿತು.

ಕ್ಯಾಸೆಟ್ಟಿನ ಕಥೆ ಬೇರೆ. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಡೆಕ್ಕಿನ ಬೆಲ್ಟು ಸಡಿಲವಾಗಿದ್ದರೆ ನಿಧಾನವಾಗುತ್ತದೆ, ಶ್ರುತಿ ಇಳಿಯುತ್ತದೆ. ಇದಕ್ಕಿಂತ ತಲೆನೋವಿನದು ಸೆಲ್ ಹಾಕಿದ ಟೇಪ್‌ರೆಕಾರ್ಡರಿನಲ್ಲಿ ಕಛೇರಿಯ ನಡುವೆ ಕೂತು ಮಾಡಿಕೊಂಡ ಮುದ್ರಣ. ಸೆಲ್ಲು ಸೊರಗುತ್ತ ಬಂದಂತೆ ಟೇಪು ನಿಧಾನವಾಗಿ ಓಡಿರುತ್ತದೆ. ಅದನ್ನೇ ಇಂದು ಸರಿಯಾದ ವೇಗದಲ್ಲಿ ಕೇಳಿದರೆ ಶ್ರುತಿ ಏರುತ್ತ ಹೋಗುತ್ತದೆ. ಶುರುವಿನಲ್ಲಿ ಬಿಳಿ ಒಂದರಲ್ಲಿದ್ದ ತಂಬೂರಿ ಮುಗಿಯುವ ಹೊತ್ತಿಗೆ ಕಪ್ಪು ಒಂದನ್ನೂ ದಾಟಿರುತ್ತದೆ. ಇಂಥದ್ದಕ್ಕೆ ಇಡೀ ಕಡತಕ್ಕೆ ಒಂದೇ ಅಂಕಿ ಹಾಕಿದರೆ ಸರಿಹೋಗದು. ಐದೈದು ನಿಮಿಷದ ತುಂಡು ಮಾಡಿ ಪ್ರತಿಯೊಂದರ ಷಡ್ಜ (ಆಧಾರ ಸ್ವರವಾದ ‘ಸ’) ಅಳೆದು ಬೇರೆಬೇರೆಯಾಗಿ ತಿದ್ದಬೇಕು. ಇಲ್ಲವೇ ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿರುವ ಸ್ಲೈಡಿಂಗ್ ಸ್ಟ್ರೆಚ್‌ನಲ್ಲಿ ಆರಂಭದ ಮತ್ತು ಕೊನೆಯ ಅಂಕಿಗಳನ್ನು, ವೇಗಕ್ಕೂ ಶ್ರುತಿಗೂ ಒಂದೇ ಪ್ರಮಾಣದಲ್ಲಿ, ಕೊಡಬೇಕು.

ತಿದ್ದುವಾಗ ಬಹಳ ಮಂದಿ ಎಡವುವುದು ಎರಡು ಕಡೆ. ಮೊದಲನೆಯದು ಚೇಂಜ್ ಪಿಚ್ ಅಥವಾ ಚೇಂಜ್ ಟೆಂಪೋ ಒತ್ತುವುದು. ಇವುಗಳಲ್ಲಿ ಒಂದು ಶ್ರುತಿಯನ್ನಷ್ಟೇ ಬದಲಿಸುತ್ತದೆ, ಇನ್ನೊಂದು ಲಯವನ್ನಷ್ಟೇ. ನಮಗೆ ಎರಡೂ ಒಟ್ಟಿಗೆ ಬದಲಾಗಬೇಕು, ಏಕೆಂದರೆ ತಪ್ಪಿದ್ದೂ ಒಟ್ಟಿಗೇ. ಚೇಂಜ್ ಸ್ಪೀಡ್ ಆಂಡ್ ಪಿಚ್ ಎಂಬುದನ್ನೇ ಬಳಸಬೇಕು (ಹಳೆಯ ಆವೃತ್ತಿಗಳಲ್ಲಿ ಬರೀ ಚೇಂಜ್ ಸ್ಪೀಡ್ ಎಂದಿರುತ್ತದೆ). ಎರಡನೆಯದು ಅಂಕಿಯದು. ಒಂದು ಮನೆ ಏರಿದ್ದನ್ನು ಇಳಿಸಲು ಮೈನಸ್ 5.95 ಹಾಕಿದರೆ ಅತಿಯಾಗುತ್ತದೆ, ಹಾಕಬೇಕಾದ್ದು ಮೈನಸ್ 5.61. ನೂರಕ್ಕೆ ಆರು ಏರಿಸಿ ಮತ್ತೆ ನೂರಕ್ಕೆ ಆರು ಇಳಿಸಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ ಎಂಬ ಶಾಲೆಯ ಲೆಕ್ಕವೇ ಇದು.

ಸರಿಯಾದ ಷಡ್ಜ ಯಾವುದೆಂದು ತಿಳಿಯುವುದು ಹೇಗೆ? ಹಿನ್ನೆಲೆಯಲ್ಲಿ ಹಾರ್ಮೋನಿಯಂ ಇದ್ದರೆ ಅರ್ಧ ಕೆಲಸ ಆದಂತೆ. ಅದರ ಮನೆಗಳು ಸ್ಥಿರ, ಷಡ್ಜ ಎರಡು ಮನೆಗಳ ನಡುವೆ ಸಿಕ್ಕಿಕೊಂಡಿದ್ದರೆ ಏನೋ ತಪ್ಪಿದೆ ಎಂದೇ ಎಣಿಸಬಹುದು. ಹಳೆಯ ಪೆಟ್ಟಿಗೆಗಳು ಇಂದಿನ ಅಳತೆಗೆ ಕರಾರುವಾಕ್ಕಾಗಿ ಕೂಡುವುದಿಲ್ಲವಾದ್ದರಿಂದ ಸ್ವಲ್ಪ ಅತ್ತಿತ್ತ ಬಿಡಿ. ಬರೀ ತಂಬೂರಿ ಮತ್ತು ಸಾರಂಗಿ ಇದ್ದರೆ, ಅಥವಾ ತಂಬೂರಿ ಮತ್ತು ಪಿಟೀಲು ಇದ್ದರೆ, ಈ ತರ್ಕ ನಡೆಯದು. ತಂತಿಯನ್ನು ಎಲ್ಲಿಗೆ ಬೇಕಾದರೂ ಬಿಗಿಯಬಹುದು, ಎರಡು ಮನೆಯ ನಡುವೆ ಷಡ್ಜ ಇಟ್ಟುಕೊಂಡು ಹಾಡಿದವರೂ ಇದ್ದಾರೆ. ಆಗ ನೋಡಬೇಕಾದ್ದು ಮಾತು. ಆಕಾಶವಾಣಿಯ ಮುದ್ರಣವಾಗಿದ್ದರೆ ಉದ್ಘೋಷಕರ ದನಿ, ಮೆಹಫಿಲ್ ಆಗಿದ್ದರೆ ನಡುವೆ ಬರುವ ‘ಕ್ಯಾ ಬಾತ್’, ಗಾಯಕರು ಸಾಥಿಗೆ ಹೇಳುವ ಒಂದೆರಡು ಮಾತು. ಹಾಡಿನ ದನಿ ನಮ್ಮನ್ನು ಏಮಾರಿಸಬಹುದು, ಮಾತಿನ ದನಿ ಶೇಕಡಾ ನಾಲ್ಕು ಜೋರಾದರೂ ಕೃತಕವೆನಿಸುತ್ತದೆ. ಅದಕ್ಕೇ ಉದ್ಘೋಷಣೆಯನ್ನು ಕತ್ತರಿಸಿ ಎಸೆಯಬೇಡಿ. 1902ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಟಿಗೆ ಹಾಡಿದ ಗಾಯಕಿ ಗೌಹರ್ ಜಾನ್, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದಳು. ಜರ್ಮನಿಯ ಹ್ಯಾನೋವರಿನಲ್ಲಿ ಪ್ಲೇಟು ಒತ್ತುವವರಿಗೆ ಗುರುತು ಸಿಗಲೆಂದು ಹೇಳಿದ ಆ ಮಾತೇ ಇಂದು ವೇಗ ನಿರ್ಧರಿಸಲು ನಮಗೆ ಆಧಾರ.

ಇನ್ನೊಂದು ಉಪಾಯ ಕಡಿಮೆ ಜನ ಬಳಸುವುದು, ಬಹಳ ಕೆಲಸಕ್ಕೆ ಬರುವುದು: ವಿದ್ಯುತ್ತಿನ ಗುಂಯ್‌ಗುಡುವಿಕೆ. ಸಭಾಂಗಣದ ಧ್ವನಿವರ್ಧಕದಿಂದಲೋ ಟೇಪ್‌ರೆಕಾರ್ಡರಿನ ಟ್ರಾನ್ಸ್‌ಫಾರ್ಮರಿನಿಂದಲೋ ಮೂಲ ಮುದ್ರಣದಲ್ಲೇ ಅದು ಸೇರಿಕೊಂಡಿರುತ್ತದೆ. ಹಾಡು ನಿಂತಿರುವ ಕಡೆ ಹತ್ತು ಸೆಕೆಂಡು ಆಯ್ದುಕೊಂಡು ಆಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್ ತೆರೆಯಿರಿ, ಗಾತ್ರ 65536 ಇಡಿ, 50 ಮತ್ತು 100 ಹರ್ಟ್ಸ್ ಸುತ್ತ ಶಿಖರ ಹುಡುಕಿ. 50 ಇರಬೇಕಾದಲ್ಲಿ 53 ಇದ್ದರೆ ಶೇಕಡಾ ಆರು ಜೋರು, ಅಂದರೆ ಒಂದು ಮನೆ ಎಂದೇ ತಿಳಿಯಿರಿ. ಆದರೆ ಆ ಗುಂಯ್ ನಿಮ್ಮದೇ ಕೇಬಲ್ಲಿನದಲ್ಲ ಎಂದು ಮೊದಲು ಖಾತ್ರಿಪಡಿಸಿಕೊಳ್ಳಿ. ಟೇಪು ನಿಲ್ಲಿಸಿದರೂ ಗುಂಯ್ ಉಳಿದಿದ್ದರೆ ಅದು ನಿಮ್ಮ ಮನೆಯದು, ಹಳೆಯ ಕಛೇರಿಯದಲ್ಲ. ಜೊತೆಗೆ, ಹಿಂದಿನ ದಶಕಗಳಲ್ಲಿ ನಮ್ಮ ವಿದ್ಯುತ್ ಜಾಲದ ಆವರ್ತನವೇ 50ರಿಂದ ಕೆಳಗೆ ಜಾರುತ್ತಿತ್ತು. ಹೀಗಾಗಿ ಈ ಉಪಾಯ ಒಂದೆರಡು ಶೇಕಡಾದ ದೋಷವನ್ನು ಹಿಡಿಯಲಾರದು, ದೊಡ್ಡ ತಪ್ಪನ್ನು ಮಾತ್ರ ಖಂಡಿತ ಹಿಡಿಯುತ್ತದೆ.

ಇಷ್ಟು ಹೇಳಿದ ಮೇಲೆ ವಿರುದ್ಧ ದಿಕ್ಕಿನ ಎಚ್ಚರಿಕೆಯೂ ಬೇಕು. ದನಿ ತೆಳ್ಳಗೆ ಕೇಳಿಸಿದ ಮಾತ್ರಕ್ಕೆ ವೇಗ ಹೆಚ್ಚಾಗಿದೆ ಎಂದು ಇಳಿಸಲು ಹೋಗಬಾರದು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಪ್ಲೇಟುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಗಾಂಧಾರಿ ಎಂಬ ಹೆಸರಿನಲ್ಲಿ ಬಂದ ಆ ಪ್ಲೇಟುಗಳಲ್ಲಿರುವುದು ಎಳೆಯ, ಮೇಲುದನಿಯ ಹೆಣ್ಣು ಕಂಠ. ನಾವೆಲ್ಲ ಬಲ್ಲ ಆ ಗಂಡುದನಿಯ ಗಾಂಭೀರ್ಯ ಬಂದದ್ದು ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ. ಇದು ತಿಳಿಯದೆ ಯಾರೋ ವೇಗ ಇಳಿಸಿ ‘ಸರಿಪಡಿಸಿದ’ ಪ್ರತಿ ಕೈಗೆ ಬಂದರೆ ಅದರಲ್ಲಿ ತಬಲಾ ಮಣ್ಣಿನ ಮಡಕೆಯಂತೆ ಕೇಳಿಸುತ್ತದೆ. ಅದೇ ಸುಳಿವು. ತಬಲಾದ ಚಾಟಿಯ ‘ನಾ’ ಎಷ್ಟು ಚುರುಕಾಗಿದೆ, ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಕಿವಿ ಸುಲಭವಾಗಿ ಹಿಡಿಯುತ್ತದೆ. ಅಬ್ದುಲ್ ಕರೀಂ ಖಾನರ ದನಿಯೂ ಅಷ್ಟೆ, ಸಹಜವಾಗಿಯೇ ಏರು ಶ್ರುತಿಯ ಮೊನಚು ದನಿ. ಅವರ ಜಿಂಝೋಟಿ ರಾಗದ ‘ಪಿಯಾ ಬಿನ್ ನಹೀ ಆವತ್ ಚೈನ್’ ಕೇಳಿ ಗಂಡಸಿನ ದನಿ ಹೀಗಿರಲಾರದು ಎಂದು ತೀರ್ಮಾನಿಸುವವರು ಅವರ ಇನ್ನೂ ನಾಲ್ಕು ಪ್ಲೇಟು ಕೇಳಿ ಆಮೇಲೆ ಕೈ ಹಾಕಲಿ.

ಪ್ಲೇಟಿನ ನಡುವಿನ ತೂತು ಸರಿಯಾಗಿ ಮಧ್ಯಕ್ಕಿಲ್ಲದಿದ್ದರೆ ಮತ್ತೊಂದು ತಮಾಷೆ. ಪ್ರತಿ ಸುತ್ತಿಗೊಮ್ಮೆ, ಅಂದರೆ 78ರಲ್ಲಿ ಮುಕ್ಕಾಲು ಸೆಕೆಂಡಿಗೆ ಒಮ್ಮೆ, 33ರ ಎಲ್‌ಪಿಯಲ್ಲಿ 1.8 ಸೆಕೆಂಡಿಗೊಮ್ಮೆ ಸ್ವರ ತೂಗುತ್ತದೆ. ನಿಂತ ಷಡ್ಜ ಆಂದೋಲಿತವಾಗಿ ಕೇಳಿಸುತ್ತದೆ. ಹಾಡುಗಾರರ ಗಮಕವೆಂದು ಅದನ್ನು ಹೊಗಳುವವರೂ ಇದ್ದಾರೆ! ತಂಬೂರಿಯೂ ಜೊತೆಯಲ್ಲೇ ತೂಗುತ್ತಿದೆಯೇ ಎಂದು ಕೇಳಿದರೆ ಗುಟ್ಟು ಬಯಲಾಗುತ್ತದೆ. ಪ್ಲೇಟನ್ನು ಕಡ್ಡಿಯಿಂದ ಸ್ವಲ್ಪ ಸರಿಸಿ, ಮುಳ್ಳಿನ ತೋಳು ಅತ್ತಿತ್ತ ಓಲಾಡದಂತೆ ಕೂರಿಸಿ ಮತ್ತೆ ಮುದ್ರಿಸಿಕೊಳ್ಳುವುದೇ ಇದಕ್ಕೆ ಮದ್ದು.

ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯ ‘ಜಾತ್ ಕಹಾಂ ಹೋ’ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಹೊರಮೈಗೆ ಜೋಡಿಸಿದ ತಟ್ಟೆಯ ಮೇಲೆ ಸೌರಮಂಡಲದ ಆಚೆಗೆ ಹೊರಟಿತಲ್ಲ, ಆ ತಟ್ಟೆ ನಿಮಿಷಕ್ಕೆ 16⅔ ಸುತ್ತಿನದು. ಒಂದು ಸುತ್ತಿಗೆ 3.6 ಸೆಕೆಂಡು ಎಂಬುದನ್ನು ಮುಚ್ಚಳದ ಮೇಲೆ ಚಿತ್ರದಲ್ಲೇ ಕೊರೆದು ಕಳಿಸಿದ್ದಾರೆ. ಯಾರು ಕೇಳುತ್ತಾರೋ, ಅವರಿಗೆ ಕಿವಿ ಇದೆಯೋ ಇಲ್ಲವೋ ಗೊತ್ತಿಲ್ಲದವರಿಗೇ ಅಷ್ಟು ವಿವರ ಕೊಟ್ಟಿರುವಾಗ, ಪಕ್ಕದ ಬೀದಿಯ ಕೇಳುಗರಿಗೆ ಕಳಿಸುವ ನಾವು ಒಂದು ಸಾಲು ಬರೆಯಲು ಏಕೆ ಸೋಮಾರಿತನ ಮಾಡಬೇಕು?

ಈಗ ಟೇಪಿನಿಂದ ಇಳಿಸುವ ಕ್ರಮ. ವರ್ಷಗಟ್ಟಲೆ ಸುಮ್ಮನಿದ್ದ ಕ್ಯಾಸೆಟ್ಟನ್ನು ನೇರವಾಗಿ ಓಡಿಸಬಾರದು. ಮೊದಲು ಪೂರ್ತಿ ಮುಂದಕ್ಕೆ, ಮತ್ತೆ ಪೂರ್ತಿ ಹಿಂದಕ್ಕೆ ಒಮ್ಮೆ ಸುತ್ತಿ, ಟೇಪಿನ ಬಿಗಿ ಸಮವಾಗಲಿ. ಕ್ಯಾಸೆಟ್ಟಿನ ಬಾಯಲ್ಲಿ ಸಣ್ಣ ಉಣ್ಣೆಯ ಪ್ಯಾಡ್ ಇರುತ್ತದೆ, ಅದು ಅಂಟು ಬಿಟ್ಟು ಬಿದ್ದಿದ್ದರೆ ದನಿ ಬಂದು ಹೋಗಿ ಮಾಡುತ್ತದೆ. ಆಗ ಐದು ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಕವಚ ಬಿಚ್ಚಿ ಟೇಪನ್ನು ಅದರೊಳಗೆ ವರ್ಗಾಯಿಸುವುದು ಲೇಸು. ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ರಬ್ಬರಿನ ಉರುಳೆಗೆ ಮಾತ್ರ ಅದು ಬೇಡ, ರಬ್ಬರು ಒಣಗಿ ಗಟ್ಟಿಯಾಗುತ್ತದೆ. ಒದ್ದೆ ಬಟ್ಟೆ ಸಾಕು.

ದನಿ ಕಂಬಳಿ ಹೊದ್ದಂತೆ ಮಂಕಾಗಿದ್ದರೆ ಟೇಪು ಹಳತಾಯಿತೆಂದು ಕೈಬಿಡಬೇಡಿ. ಹೆಚ್ಚಿನ ಸಲ ಅದು ಹೆಡ್ಡಿನ ಓರೆ. ಮುದ್ರಿಸಿದ ಯಂತ್ರದ ಹೆಡ್ಡು ಒಂದು ಕೋನದಲ್ಲಿದ್ದು ನಿಮ್ಮದು ಇನ್ನೊಂದು ಕೋನದಲ್ಲಿದ್ದರೆ ಮೇಲಿನ ನಾದವೆಲ್ಲ ಕಳೆದುಹೋಗುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು ಟೇಪು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸುತ್ತ, ಮೋನೋದಲ್ಲಿ ಕೇಳುತ್ತ, ತಂಬೂರಿಯ ಜೀವಾರಿ (ತಂತಿಯ ಝೇಂಕಾರ) ಎಲ್ಲಿ ಅತ್ಯಂತ ಸ್ಪಷ್ಟವಾಗುತ್ತದೋ ಅಲ್ಲಿ ನಿಲ್ಲಿಸಿ. ಪ್ರತಿ ಟೇಪಿಗೂ ಈ ಜಾಗ ಬೇರೆ. ಒಂದಕ್ಕೆ ಸರಿಮಾಡಿ ಅದರಲ್ಲೇ ಹತ್ತು ಟೇಪು ಇಳಿಸಿದರೆ ಒಂಬತ್ತು ಹಾಳು. ಸ್ಕ್ರೂ ಮುಟ್ಟಲು ಧೈರ್ಯ ಸಾಲದಿದ್ದರೆ ಎಡ ಬಲ ಎರಡೂ ವಾಹಿನಿಗಳನ್ನು ಕೂಡಿಸಬೇಡಿ, ಅವುಗಳಲ್ಲಿ ಚೆನ್ನಾಗಿರುವ ಒಂದನ್ನಷ್ಟೇ ಇಟ್ಟುಕೊಳ್ಳಿ. ಓರೆಯಿದ್ದಾಗ ಎರಡೂ ಒಂದನ್ನೊಂದು ಕೂದಲೆಳೆಯಷ್ಟು ಹಿಂದೆ ಮುಂದೆ ತಲುಪುತ್ತವೆ, ಕೂಡಿಸಿದರೆ ಮೇಲಿನ ನಾದ ಪರಸ್ಪರ ಅಳಿಸಿಹೋಗುತ್ತದೆ. ಟೇಪಿನ ಸುಯ್ಯೆನ್ನುವ ಸದ್ದು ತಗ್ಗಿಸುವ ಡಾಲ್ಬಿ ಗುಂಡಿಯ ಬಗ್ಗೆ ಅನುಮಾನವಿದ್ದರೆ ಆರಿಸಿಯೇ ಇಡಿ. ಡಾಲ್ಬಿ ಇಲ್ಲದೆ ಮುದ್ರಿಸಿದ್ದನ್ನು ಡಾಲ್ಬಿ ಹಾಕಿ ಓಡಿಸಿದರೆ ಹೋದ ಹೊಳಪು ಮತ್ತೆ ಬರುವುದಿಲ್ಲ.

ಡೆಕ್ಕಿನ ಲೈನ್ ಔಟ್‌ನಿಂದ ಯುಎಸ್‌ಬಿ ಇಂಟರ್‌ಫೇಸಿಗೆ ತಂತಿ ಎಳೆಯಿರಿ. ಅತಿ ಜೋರಿನ ತಾನಿನಲ್ಲೂ ಮಟ್ಟ ಮೈನಸ್ 6 ಡೆಸಿಬೆಲ್ ದಾಟದಿರಲಿ. ಸೊನ್ನೆ ಮುಟ್ಟಿ ತುಂಡಾದ ಅಲೆಯನ್ನು ಆಮೇಲೆ ಯಾವ ಮಂತ್ರವೂ ಕೂಡಿಸುವುದಿಲ್ಲ. ಹಾಡಿನ ಹಿಂದೆ ಮುಂದೆ ಖಾಲಿ ಟೇಪಿನ ಹತ್ತು ಸೆಕೆಂಡು ಸುಯ್ಯೆನ್ನುವುದನ್ನೂ ಬಿಟ್ಟಿರಿ, ಏಕೆಂದು ಮುಂದೆ ಹೇಳುತ್ತೇನೆ. 24 ಬಿಟ್, 48 ಕಿಲೋಹರ್ಟ್ಸ್ ಸಾಕು. ಮೂಲವನ್ನು ಗುಣಮಟ್ಟ ಕುಗ್ಗಿಸದ ವೇವ್ ಅಥವಾ ಫ್ಲಾಕ್ ರೂಪದಲ್ಲಿ ತೆಗೆದಿಟ್ಟು ಅದನ್ನು ಮತ್ತೆ ಮುಟ್ಟಬೇಡಿ, ತಿದ್ದುವುದೆಲ್ಲ ನಕಲಿನ ಮೇಲೆ. ಸಿ-90 ಕ್ಯಾಸೆಟ್ಟು 45 ನಿಮಿಷಕ್ಕೆ ಮಗುಚಿ ಹಾಕಬೇಕಾದ್ದು. ಆ ಸಂದಿಯಲ್ಲಿ ಕಳೆದುಹೋದ ಒಂದು ಆವರ್ತನವನ್ನು ಮರೆಮಾಚಲು ಎರಡು ತುದಿಗಳನ್ನು ಕರಗಿಸಿ ಅಂಟಿಸುವವರಿದ್ದಾರೆ. ತಾಳ ಹಾಕುತ್ತ ಕೇಳುವವರಿಗೆ ಅಲ್ಲಿ ಮಾತ್ರೆ ತಪ್ಪುತ್ತದೆ, ಗಾಯಕರೇ ಜಾರಿದರೆಂದು ಭಾವಿಸುತ್ತಾರೆ. ಎರಡು ಸೆಕೆಂಡು ಮೌನ ಬಿಡಿ, ಅದು ಪ್ರಾಮಾಣಿಕ.

ಪ್ಲೇಟಿನದು ಇನ್ನಷ್ಟು ನಾಜೂಕು. 78ರ ಗೀರು ಅಗಲ, ಅದಕ್ಕೆ ಸುಮಾರು 75 ಮೈಕ್ರಾನಿನ ಮುಳ್ಳು ಬೇಕು. ಎಲ್‌ಪಿಯ ಮುಳ್ಳು ಅದರ ಮೂರನೇ ಒಂದು ಭಾಗ, ಗೀರಿನ ತಳಕ್ಕೆ ಇಳಿದು ಕಸವನ್ನೇ ಓದುತ್ತದೆ. 78ರ ಪ್ಲೇಟು ಅರಗಿನದು, ಅದಕ್ಕೆ ಆಲ್ಕೊಹಾಲ್ ತಾಗಿಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ಬಟ್ಟಿ ಇಳಿಸಿದ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ, ಮೆತ್ತನೆ ಬ್ರಷ್ಷಿನಿಂದ ಗೀರಿನ ಗುಂಟ ತೊಳೆದು, ಲೇಬಲ್ಲಿಗೆ ನೀರು ತಾಗದಂತೆ ನೋಡಿಕೊಂಡು ನೆರಳಲ್ಲಿ ಒಣಗಿಸಿ. ಸ್ಟೀರಿಯೋ ಕಾರ್ಟ್ರಿಜ್ಜಿನಿಂದ ಇಳಿಸಿದ್ದಾದರೆ ಎರಡೂ ವಾಹಿನಿ ಕೂಡಿಸಿ ಮೋನೋ ಮಾಡಿ. ಮೇಲೆ ಕೆಳಗೆ ಕುಣಿಯುವ ಮುಳ್ಳಿನ ಗದ್ದಲ ಅರ್ಧ ಅಲ್ಲೇ ಅಡಗುತ್ತದೆ. ಓರೆ ಹೆಡ್ಡಿನ ಕ್ಯಾಸೆಟ್ಟಿಗೆ ಹೇಳಿದ್ದರ ತದ್ವಿರುದ್ಧ ಇದು, ಗೊಂದಲ ಮಾಡಿಕೊಳ್ಳಬೇಡಿ. ಇಂದಿನ ಆಂಪ್ಲಿಫೈಯರುಗಳಲ್ಲಿರುವ ಆರ್‌ಐಎಎ ಎಂಬ ತಿದ್ದುಪಡಿ (ಕೆಳಗಿನ, ಮೇಲಿನ ನಾದಗಳನ್ನು ಸಮತೂಗಿಸುವುದು) 1954ರ ನಂತರದ ತಟ್ಟೆಗಳಿಗಾಗಿ ಬಂದದ್ದು. ಹಳೆಯ ಪ್ಲೇಟಿಗೆ ಅದೇ ಹಾಕಿದರೆ ಮೇಲಿನ ನಾದ ಕುಗ್ಗುತ್ತದೆ, ಆಮೇಲೆ ಈಕ್ವಲೈಜರಿನಲ್ಲಿ ಸ್ವಲ್ಪ ಎತ್ತಬೇಕಾದೀತು.

ಗದ್ದಲ ತೆಗೆಯುವ ವಿಷಯದಲ್ಲಿ ಮಾತ್ರ ನನ್ನದು ಹಟದ ಅಭಿಪ್ರಾಯ: ಕಡಿಮೆ ಮಾಡಿದಷ್ಟೂ ಒಳ್ಳೆಯದು. ಗದ್ದಲ ತೆಗೆಯುವ ತಂತ್ರಾಂಶ ಮೊದಲು ‘ಗದ್ದಲ ಎಂದರೆ ಯಾವುದು’ ಎಂದು ಮಾದರಿ ಕೇಳುತ್ತದೆ. ಹಾಡು ಶುರುವಾಗುವ ಮುಂಚಿನ ಭಾಗವನ್ನು ಆಯ್ದು ಕೊಟ್ಟರೆ ಅಲ್ಲಿ ತಂಬೂರಿ ಆಗಲೇ ಮೀಟುತ್ತಿರುತ್ತದೆ. ಯಂತ್ರಕ್ಕೆ ಎಡೆಬಿಡದೆ ಸಮನಾಗಿ ಕೇಳುವುದೆಲ್ಲ ಗದ್ದಲವೇ, ಅದು ತಂಬೂರಿಯನ್ನೇ ಗುಡಿಸಿಹಾಕುತ್ತದೆ. ದನಿ ನೀರಿನೊಳಗಿಂದ ಬಂದಂತಾಗುತ್ತದೆ, ಪಂಚಮದ ಮೇಲೆ ನಿಂತಾಗ ಕೂಡುವ ನಾದವೇ ಇಲ್ಲ. ಆದ್ದರಿಂದ ಮಾದರಿಯನ್ನು ಖಾಲಿ ಟೇಪಿನ ಆ ಹತ್ತು ಸೆಕೆಂಡಿನಿಂದಲೇ ಕೊಡಿ, 6 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸಬೇಡಿ. ಪ್ಲೇಟಿನ ಚಟಪಟ ತೆಗೆಯುವ ಸಾಧನವೂ ಹೀಗೇ ಮೋಸಮಾಡುತ್ತದೆ. ತಬಲಾದ ಕಿನಾರದ ಪೆಟ್ಟು, ಮೃದಂಗದ ಚಾಪು, ಮೋರ್ಚಿಂಗಿನ ಮೀಟು ಇವೆಲ್ಲ ಅದಕ್ಕೆ ಚಟಪಟದಂತೆಯೇ ಕಾಣುತ್ತವೆ. ಖಚಿತಪಡಿಸಿಕೊಳ್ಳಲು ಒಂದು ದಾರಿ: ತೆಗೆದುಹಾಕಿದ ಗದ್ದಲವನ್ನಷ್ಟೇ ಪ್ರತ್ಯೇಕವಾಗಿ ಕೇಳಿಸುವ ಆಯ್ಕೆ ಇರುತ್ತದೆ (ರೆಸಿಡ್ಯೂ). ಅದರಲ್ಲಿ ಹಾಡೋ ತಾಳವೋ ಕೇಳಿಸಿದರೆ ನೀವು ಸಂಗೀತವನ್ನೇ ಎಸೆಯುತ್ತಿದ್ದೀರಿ.

ಫೋನಿನ ಮುಂದೆ ಸ್ಪೀಕರ್ ಇಟ್ಟು ಧ್ವನಿಸಂದೇಶವಾಗಿ ಮುದ್ರಿಸಿ ಕಳಿಸುವ ಪದ್ಧತಿಯನ್ನಂತೂ ದಯವಿಟ್ಟು ಬಿಡಿ. ಫೋನಿನ ಮೈಕು ಮಾತಿಗಾಗಿ ಮಾಡಿದ್ದು, ಹಿನ್ನೆಲೆಯ ಸಮನಾದ ಸದ್ದನ್ನು ತಾನಾಗಿಯೇ ಅದುಮುತ್ತದೆ. ಅಲ್ಲೂ ಮೊದಲ ಬಲಿ ತಂಬೂರಿಯೇ. ಕಳಿಸುವುದಾದರೆ ಕಡತವನ್ನು ಡಾಕ್ಯುಮೆಂಟ್ ಆಗಿ ಕಳಿಸಿ. ಗಾತ್ರದ ಅಂದಾಜು ಬೇಕಾದರೆ: 192 ಕಿಲೋಬಿಟ್ಟಿನ ಎಂಪಿ3 ಒಂದು ಗಂಟೆಗೆ ಸುಮಾರು 86 ಎಂಬಿ, ಸಿಡಿ ಗುಣಮಟ್ಟದ ವೇವ್ 600 ಎಂಬಿ ದಾಟುತ್ತದೆ, ಫ್ಲಾಕ್ ಅದರ ಅರ್ಧದ ಆಸುಪಾಸು. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡಿದರೆ ಪ್ರತಿ ಸಲವೂ ಸ್ವಲ್ಪ ಸವೆಯುತ್ತದೆ.

ಇನ್ನು ಹೆಸರು. ಹಿಂದೂಸ್ತಾನಿ, ಕರ್ನಾಟಕ ಎರಡನ್ನೂ ಕೇಳುವ ನಾಡು ನಮ್ಮದು, ಹಾಗಾಗಿ ಇಲ್ಲಿ ಆಗುವ ಗೊಂದಲ ಮಹಾರಾಷ್ಟ್ರದಲ್ಲೂ ಇಲ್ಲ, ತಮಿಳುನಾಡಿನಲ್ಲೂ ಇಲ್ಲ. ಬರೀ ‘ಭೈರವಿ’ ಎಂದು ಬರೆದರೆ ಯಾವುದು? ಹಿಂದೂಸ್ತಾನಿ ಭೈರವಿಯ ಸ್ವರಗಳು ಕರ್ನಾಟಕದ ತೋಡಿಗೆ ಹತ್ತಿರ. ಹಿಂದೂಸ್ತಾನಿ ತೋಡಿಯ ಸ್ವರಗಳು ಕರ್ನಾಟಕದ ಶುಭಪಂತುವರಾಳಿಯವು. ಕರ್ನಾಟಕದ ಹಿಂದೋಳವೇ ಅಲ್ಲಿನ ಮಾಲಕಂಸ್, ಆದರೆ ಅಲ್ಲಿನ ಹಿಂಡೋಲ್ ಬೇರೆಯೇ ರಾಗ. ಹಿಂದೂಸ್ತಾನಿಯ ಶ್ರೀ ರಾಗ ಪೂರ್ವಿ ಎಂಬ ಥಾಟಿನದು (ರಾಗಗಳ ಗುಂಪಿನದು), ‘ಎಂದರೋ ಮಹಾನುಭಾವುಲು’ ಇರುವ ಕರ್ನಾಟಕದ ಶ್ರೀ ಖರಹರಪ್ರಿಯದ ಮಗಳು. ಮೋಹನ ಮತ್ತು ಭೂಪ್, ಶುದ್ಧಸಾವೇರಿ ಮತ್ತು ದುರ್ಗಾ, ಕಲ್ಯಾಣಿ ಮತ್ತು ಯಮನ್ ಇವುಗಳಲ್ಲಿ ಅಷ್ಟು ಅಪಾಯವಿಲ್ಲ. ಅಬ್ದುಲ್ ಕರೀಂ ಖಾನರು ತ್ಯಾಗರಾಜರ ‘ರಾಮ ನೀ ಸಮಾನಮೆವರು’ ಕೃತಿಯನ್ನೂ ಪ್ಲೇಟಿಗೆ ಹಾಡಿದ್ದಾರೆ. ಗಾಯಕರ ಹೆಸರು ನೋಡಿ ಅದನ್ನು ಹಿಂದೂಸ್ತಾನಿ ರಾಗವೊಂದರ ಪಟ್ಟಿಗೆ ಸೇರಿಸಿದರೆ ಖರಹರಪ್ರಿಯ ಹುಡುಕುವವರಿಗೆ ಅದು ಸಿಗುವುದೇ ಇಲ್ಲ.

ಹಿಂದೂಸ್ತಾನಿ ಗಾಯನದ ಒಂದು ಪರಂಪರೆಯಾದ ಜಯಪುರ ಘರಾಣೆಯ ಮುದ್ರಿಕೆಗಳಲ್ಲಿ ಹೆಸರನ್ನು ಮೊಟಕು ಮಾಡುವುದು ಸಲ್ಲ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದು ಸಂಪೂರ್ಣ ಮಾಲಕಂಸ್ ಆಗಿದ್ದರೆ ‘ಮಾಲಕಂಸ್’ ಎಂದು ಬರೆಯುವುದು ತಪ್ಪು, ಅದರಲ್ಲಿ ರಿಷಭ ಪಂಚಮಗಳಿಗೂ ಜಾಗವಿದೆ. ಶಿವಮತ ಭೈರವವನ್ನು ಭೈರವ ಎಂದೂ, ಬಹಾದುರಿ ತೋಡಿಯನ್ನು ತೋಡಿ ಎಂದೂ, ನಟಬಿಹಾಗವನ್ನು ಬಿಹಾಗ ಎಂದೂ ಮಾಡಿಟ್ಟರೆ ಅವರು ಜೀವಮಾನವಿಡೀ ಕಾಪಾಡಿದ ಸೂಕ್ಷ್ಮವೇ ಅಳಿಸಿಹೋಯಿತು. ದಾಸರ ಪದಗಳಲ್ಲಿ ಇನ್ನೊಂದು ಬಗೆ. ಪುಸ್ತಕದಲ್ಲಿ ಮುದ್ರಿಸಿರುವ ರಾಗ ಒಂದು, ಹಾಡಿದವರು ಹಿಡಿದದ್ದು ಇನ್ನೊಂದು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ದಕ್ಷಿಣದ ಕಛೇರಿಗಳಲ್ಲಿ ಸಾಮಾನ್ಯವಾಗಿ ಮಧ್ಯಮಾವತಿ, ಭೀಮಸೇನ ಜೋಶಿಯವರ ಧಾಟಿಯೇ ಬೇರೆ. ಮುದ್ರಿಕೆಯಲ್ಲಿ ಇರುವುದನ್ನು ಕೇಳಿ ಬರೆಯಬೇಕು. ‘ಕೃಷ್ಣಾ ನೀ ಬೇಗನೆ ಬಾರೋ’ ವ್ಯಾಸರಾಯರದು, ಕನ್ನಡದ ದೇವರನಾಮಗಳನ್ನೆಲ್ಲ ಪುರಂದರದಾಸರ ಖಾತೆಗೆ ಹಾಕುವ ರೂಢಿ ನಿಲ್ಲಬೇಕು.

ಕಡತದ ಹೆಸರಿನಲ್ಲಿ ಏನೇನಿರಬೇಕು ಎಂಬುದಕ್ಕೆ ಒಂದು ಮಾದರಿ: ‘ಅಮೀರ್ ಖಾನ್, ಮಾರವಾ, ವಿಳಂಬಿತ ಝೂಮರಾ ಪಿಯಾ ಮೋರೆ, ದ್ರುತ ತೀನತಾಳ ಗುರು ಬಿನ ಗ್ಯಾನ, ಎಚ್‌ಎಂವಿ ಎಲ್‌ಪಿ, ವೇಗ ತಿದ್ದಿಲ್ಲ’. ಸಾಥಿದಾರರ ಹೆಸರು ಗೊತ್ತಿದ್ದರೆ ಅದೂ ಬರಲಿ, ತಬಲಾ ಸಾರಂಗಿ ಪಿಟೀಲು ಮೃದಂಗದವರನ್ನು ಕೈಬಿಡುವುದು ಹಳೆಯ ಲೇಬಲ್ಲುಗಳ ಕೆಟ್ಟ ಚಾಳಿ, ಅದನ್ನು ನಾವು ಮುಂದುವರಿಸಬೇಕಿಲ್ಲ. ವೇಗ ತಿದ್ದಿದ್ದರೆ ಎಷ್ಟು ಶೇಕಡಾ ಎಂದು ಬರೆಯಿರಿ, ತಪ್ಪೆಂದು ಕಂಡವರು ಹಿಂದಿರುಗಿಸಬಹುದು. ಊರು, ತಾರೀಖು ಖಚಿತವಿಲ್ಲದಿದ್ದರೆ ಊಹಿಸಿ ಬರೆಯಬೇಡಿ. ಒಬ್ಬರ ಊಹೆ ಮೂರನೆಯ ಕೈಗೆ ಹೋಗುವಾಗ ಇತಿಹಾಸವಾಗಿರುತ್ತದೆ.

ಯಾವುದನ್ನು ಹಂಚಬೇಕು ಎಂದು ಕೇಳುವವರಿಗೆ ನನ್ನ ಸಲಹೆ ಇಷ್ಟೆ: ದಿನಕ್ಕೆ ಹತ್ತು ಕಳಿಸಿದರೆ ಯಾರೂ ಒಂದನ್ನೂ ಪೂರ್ತಿ ಕೇಳುವುದಿಲ್ಲ. ವಾರಕ್ಕೊಂದು ರಾಗ, ಅದರಲ್ಲಿ ಒಂದು ಗಿಡ್ಡದು ಒಂದು ಉದ್ದದ್ದು. ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗದ ಮುಖ ತೋರಿಸಲೇಬೇಕಾದ ಒತ್ತಡದಲ್ಲಿ ಹಾಡಿದವರು ಒಂದು ಸ್ವರವನ್ನೂ ಪೋಲು ಮಾಡಿಲ್ಲ. ಹೊಸ ಕೇಳುಗರಿಗೆ ಅದು ಬಾಗಿಲು. ಆಮೇಲೆ ಅದೇ ರಾಗದ ಅರ್ಧ ಗಂಟೆಯ ಮುದ್ರಿಕೆ. ಜೊತೆಗೆ ಯಾವ ನಿಮಿಷದಲ್ಲಿ ಏನಿದೆ ಎಂಬ ಒಂದು ಸಾಲು: ಅಂತರಾ ಎಲ್ಲಿ, ದ್ರುತ ಎಲ್ಲಿ ಶುರು, ಠುಮ್ರಿಯಾದರೆ ಲಗ್ಗಿ (ತಬಲಾದ ಚುರುಕು ಭಾಗ) ಎಲ್ಲಿ, ಕರ್ನಾಟಕದ್ದಾದರೆ ನೆರವಲು (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು) ಯಾವ ಸಾಲಿನಲ್ಲಿ, ಕಲ್ಪನಾಸ್ವರ ಎಲ್ಲಿಂದ. ಅಮೀರ್ ಖಾನರ ಮಾರವಾ ಕೊಟ್ಟರೆ ‘ಷಡ್ಜಕ್ಕೆ ಬರುವುದನ್ನು ಎಷ್ಟು ಹೊತ್ತು ತಡೆಯುತ್ತಾರೆ ಗಮನಿಸಿ’ ಎಂದಷ್ಟೇ ಬರೆದರೂ ಸಾಕು, ಕೇಳುವವರ ಕಿವಿ ಅಲ್ಲಿಗೆ ಹೋಗುತ್ತದೆ. ಮನ್ಸೂರರದಾದರೆ ದೀರ್ಘ ಆಲಾಪಕ್ಕಾಗಿ ಕಾಯಬೇಡಿ, ಬಂದಿಶ್ ಎತ್ತಿಕೊಂಡೇ ಆವರ್ತನದಿಂದ ಆವರ್ತನಕ್ಕೆ ರಾಗ ಬೆಳೆಯುತ್ತದೆ ಎಂದು ಹೇಳಿ. ಕುಮಾರ ಗಂಧರ್ವರನ್ನು ಹೊಸಬರಿಗೆ ಕೊಡುವುದಾದರೆ ‘ಉಡ್ ಜಾಯೇಗಾ ಹಂಸ್ ಅಕೇಲಾ’ದಿಂದ ಶುರುಮಾಡಿ, ಖಯಾಲು ಆಮೇಲೆ ಬರಲಿ. ಮೈಸೂರಿನ ಕಡೆಯವರು ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲನ್ನು, ದೊರೆಸ್ವಾಮಿ ಅಯ್ಯಂಗಾರರ ವೀಣೆಯನ್ನು ಮರೆಯದಿರಲಿ. ಗಾಯನದಷ್ಟು ವಾದ್ಯದ ಹಳೆಯ ಮುದ್ರಿಕೆಗಳು ಸುತ್ತುತ್ತಿಲ್ಲ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರದ ತಂತಿ, ತಬಲಾದ ಡಗ್ಗಾ, ಮೃದಂಗದ ಎಡ ಯಾವುದೂ ಕೇಳಿಸುವುದಿಲ್ಲ, ಇಯರ್‌ಫೋನ್ ಹಾಕಿ ಎಂದು ಹೇಳುವುದರಲ್ಲಿ ತಪ್ಪಿಲ್ಲ.

ಹಕ್ಕಿನ ಪ್ರಶ್ನೆ ಕೊನೆಗೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. ಹಾಗಾಗಿ 1960ಕ್ಕೆ ಮೊದಲು ಪ್ರಕಟವಾದ ಪ್ಲೇಟುಗಳ ಮುದ್ರಣದ ಹಕ್ಕು ತೀರಿದೆ. ಆ 60 ವರ್ಷ ಇನ್ನೂ ತುಂಬದ ಎಲ್‌ಪಿ, ಕ್ಯಾಸೆಟ್ಟು, ಸಿಡಿಗಳು ಕಂಪನಿಗಳವೇ, ಅಧಿಕೃತವಾಗಿ ಸಿಗುವ ಕಡೆಯ ಕೊಂಡಿ ಕಳಿಸುವುದು ಸರಿ. ಮನೆಯ ಮೆಹಫಿಲಿನಲ್ಲಿ, ಗುಡಿಯ ಸೇವೆಯಲ್ಲಿ ಮಾಡಿಕೊಂಡ ಮುದ್ರಣ ಎಂದೂ ಪ್ರಕಟವಾದದ್ದಲ್ಲ, ಅದಕ್ಕೆ ಈ ಲೆಕ್ಕ ಅನ್ವಯಿಸುವುದಿಲ್ಲ. ಕಲಾವಿದರ ಮನೆಯವರನ್ನು ಕೇಳಿಯೇ ಹಂಚಬೇಕು. ದನಿ ಕೈಕೊಟ್ಟ ದಿನದ ಕಛೇರಿ, ಇಳಿವಯಸ್ಸಿನ ಕೊನೆಯ ಹಾಡು ಇಂಥವು ಹೊರಗೆ ಹೋಗುವುದು ಅವರಿಗೆ ಇಷ್ಟವಿಲ್ಲದಿರಬಹುದು.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಹಿರಿಯ ಕಲಾವಿದರ ಜನ್ಮದಿನ, ಪುಣ್ಯತಿಥಿಗಳಂದು ಪ್ರಕಟವಾಗುವ ಲೇಖನಗಳ ಕೊನೆಯಲ್ಲಿ ‘ಕೇಳಲೇಬೇಕಾದವು’ ಎಂದು ಬರೀ ರಾಗದ ಹೆಸರು ಕೊಡುವ ಬದಲು, ಯಾವ ಬಂದಿಶ್ ಅಥವಾ ಕೃತಿ, ಯಾವ ತಾಳ, ಪ್ಲೇಟೋ ಎಲ್‌ಪಿಯೋ ಆಕಾಶವಾಣಿಯ ಮುದ್ರಣವೋ, ಎಷ್ಟು ನಿಮಿಷದ್ದು ಎಂಬ ನಾಲ್ಕು ವಿವರ ಸೇರಿಸಿದರೆ ಹುಡುಕುವವರಿಗೆ ಸರಿಯಾದದ್ದೇ ಸಿಗುತ್ತದೆ. ಎರಡು ಸಾಲಿಗಿಂತ ಹೆಚ್ಚು ಜಾಗ ಹಿಡಿಯದು.

ಇಂತಿ,
ಒಬ್ಬ ಸಂಗೀತ ಕೇಳುಗ, ಧಾರವಾಡ